ಕಲ್ಲಿನ ಅಕ್ಷರ, ನೀರಿನ ಅಕ್ಷರ: ಮಕ್ಕಳೊಂದಿಗೆ ಶಿಯಾನ್‌ನಲ್ಲಿ

ಚೀನಾದ ಶಿಯಾನ್‌ಗೆ ಹೆಚ್ಚಿನವರು ಹೋಗುವುದು ಮಣ್ಣಿನ ಸೈನಿಕರನ್ನು ನೋಡಲು. ನೀವೂ ನೋಡಿ ಬನ್ನಿ. ಆದರೆ ಮಕ್ಕಳು ಜೊತೆಗಿದ್ದರೆ ಇನ್ನೆರಡು ದಿನ ಉಳಿದುಕೊಳ್ಳಿ. ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಇಟ್ಟುಕೊಂಡು ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರು ಆ ಊರಿನ ಅಕ್ಷರಗಳನ್ನು ನೋಡಲೇಬೇಕು.

ಮೊದಲು ಬೇಯ್‌ಲಿನ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಹೆಸರಿನ ಅರ್ಥ 'ಶಾಸನಗಳ ಕಾಡು'. 1087ರಲ್ಲಿ ಶುರುವಾದ ಸಂಗ್ರಹ ಇದು. 837ರಲ್ಲಿ ಕೆತ್ತಿ ಮುಗಿಸಿದ 114 ಕಲ್ಲುಗಳು ಇಲ್ಲಿ ಸಾಲಾಗಿ ನಿಂತಿವೆ. ಅವುಗಳ ತುಂಬ ಹನ್ನೆರಡು ಪ್ರಾಚೀನ ಗ್ರಂಥಗಳು. ಕೈಯಲ್ಲಿ ಪ್ರತಿ ಮಾಡುವಾಗ ತಪ್ಪು ನುಸುಳುತ್ತದಲ್ಲವೇ? ಸರಿಯಾದ ಪಾಠ ಇದು ಎಂದು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ನಿಲ್ಲಿಸಿದರು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಮೇಲೆ ಮಸಿ ತಟ್ಟಿ ಅಚ್ಚು ತೆಗೆಯುವುದೂ ಒಂದು ಹಳೆಯ ಕಲೆ. ಕಪ್ಪು ಹಾಳೆಯಲ್ಲಿ ಬಿಳಿ ಅಕ್ಷರಗಳು ಮೂಡುವುದನ್ನು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ.

ಮರುದಿನ ಬೆಳಿಗ್ಗೆ ಬೇಗ ಎದ್ದು ಕೋಟೆಗೋಡೆಯ ಪಕ್ಕದ ಉದ್ಯಾನಕ್ಕೆ ಬನ್ನಿ. ಸೊಂಟದೆತ್ತರದ ಕುಂಚ, ತುದಿಗೆ ಸ್ಪಂಜು, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಹಿರಿಯರು ನೆಲದ ಮೇಲೆ ಬರೆಯುತ್ತಿರುತ್ತಾರೆ. ಇದಕ್ಕೆ 'ದೀಶೂ' ಎನ್ನುತ್ತಾರೆ, ಅಂದರೆ ನೆಲಬರಹ. ಬರೆಯುವುದು ಬರೀ ನೀರಿನಲ್ಲಿ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಅಕ್ಷರ ಆರಿಹೋಗಿರುತ್ತದೆ. ಯಾರಿಗೂ ಬೇಸರವಿಲ್ಲ, ಮತ್ತೆ ಕುಂಚ ಅದ್ದುತ್ತಾರೆ.

ನನ್ನ ಏಳು ವರ್ಷದ ಮಗಳು ಕನ್ನಡ ಬರೆಯುವುದನ್ನು ಬಿಟ್ಟು ಆಗಲೇ ಕೆಲವು ತಿಂಗಳಾಗಿತ್ತು. ಹಾಳೆಯ ತುಂಬ ಕೆಂಪು ಗುರುತು ಬೀಳುತ್ತಿದ್ದುದೇ ಕಾರಣ. ಒಬ್ಬ ಅಜ್ಜ ನಗುತ್ತ ಅವಳ ಕೈಗೆ ಕುಂಚ ಕೊಟ್ಟರು. ಅವಳು ಅವರತ್ತ ಬೆರಳು ತೋರಿಸಿ 'ಅಜ' ಎಂದು ಬರೆದಳು. ಒತ್ತು ಬಿಟ್ಟುಹೋಗಿ ಅಜ್ಜ ಆಡಾಗಿದ್ದರು! ಅವರು ಅದನ್ನೇ ಶ್ರದ್ಧೆಯಿಂದ ಕೆಳಗೆ ನಕಲು ಮಾಡಿದರು. ನಾನು ಏನಾದರೂ ಹೇಳುವ ಮೊದಲೇ ಎರಡೂ ಆರಿದವು. ಮೂರನೆಯ ಸಲ ಅವಳೇ ಒತ್ತು ಹಾಕಿದಳು.

ಹಸಿವಾದಾಗ ಬ್ಯಾಂಗ್‌ಬ್ಯಾಂಗ್ ನೂಡಲ್ಸ್ ತಿನ್ನಿ. ಹಿಟ್ಟನ್ನು ಎಳೆದು ಮೇಜಿನ ಮೇಲೆ ಬಡಿಯುವ ಸದ್ದಿನಿಂದಲೇ ಆ ಹೆಸರು ಬಂತಂತೆ. ಸೊಂಟದ ಪಟ್ಟಿಯಷ್ಟು ಅಗಲದ ಎಳೆಗಳ ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ ಹಾಕಿ, ಕಾದ ಎಣ್ಣೆಯನ್ನು ಚುಂಯ್ ಎಂದು ಸುರಿಯುತ್ತಾರೆ. ನಮ್ಮ ಒಗ್ಗರಣೆಯ ಸದ್ದೇ! ಸಸ್ಯಾಹಾರಿಗಳಾದರೆ 'ಮಾಂಸ, ಮಾಂಸದ ಸಾರು ಬೇಡ' ಎಂದು ಚೀನಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ.

ಅಂಗಡಿಯ ಬೋರ್ಡನ್ನೂ ಮಕ್ಕಳಿಗೆ ತೋರಿಸಿ. 'ಬ್ಯಾಂಗ್' ಎಂಬ ಆ ಒಂದು ಅಕ್ಷರಕ್ಕೆ ಐವತ್ತಕ್ಕೂ ಹೆಚ್ಚು ಗೆರೆಗಳು. ಅದು ಯೂನಿಕೋಡ್‌ಗೆ ಸೇರಿದ್ದೇ 2020ರಲ್ಲಿ. ಅದಕ್ಕೂ ಮೊದಲು ಕಂಪ್ಯೂಟರಿನ ಹಂಗಿಲ್ಲದೆ ಅದು ಉಳಿದುಬಂದದ್ದು ಬೋರ್ಡುಗಳಲ್ಲಿ ಮತ್ತು ಜನರ ಬಾಯಲ್ಲಿ. ಯಾವ ಭಾಗದ ನಂತರ ಯಾವುದನ್ನು ಬರೆಯಬೇಕು ಎಂದು ನೆನಪಿಡಲು ಅವರು ಪ್ರಾಸದ ಪದ್ಯವನ್ನೇ ಕಟ್ಟಿಕೊಂಡಿದ್ದಾರೆ.

ಒಂದೇ ಊರಿನಲ್ಲಿ ಕಲ್ಲಿನ ಅಕ್ಷರವೂ ಇದೆ, ನೀರಿನ ಅಕ್ಷರವೂ ಇದೆ. ಸರಿ ಯಾವುದೆಂದು ತಿಳಿಯಲು ಕಲ್ಲು ಬೇಕು. ಕೈ ಪಳಗಲು ನೀರು ಬೇಕು. ಪರದೇಶದಲ್ಲಿ ವಾರಕ್ಕೊಂದು ಗಂಟೆ ಕನ್ನಡ ಕಲಿಯುವ ಮಕ್ಕಳಿಗೆ ನಾವು ಹೆಚ್ಚಾಗಿ ಕೊಡುವುದು ಕಲ್ಲನ್ನೇ. ನೀರಿನ ಬರಹವೇನೂ ನಮಗೆ ಹೊಸದಲ್ಲ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬರೆಸುತ್ತೇವೆ. ಹಿಂದೆ ಮಕ್ಕಳು ಮರಳಿನ ಮೇಲೆ ತಿದ್ದುತ್ತಿದ್ದರು. ಎರಡೂ ಕೈಯಾಡಿಸಿದರೆ ಅಳಿಸಿಹೋಗುವಂಥವು.

ಬಿಸಿಲಿರುವ ದಿನ ಗೋಡೆಗೆ ಬಣ್ಣ ಬಳಿಯುವ ಬ್ರಷ್ಷು, ಅರ್ಧ ಬಕೆಟ್ ನೀರು ಹಿಡಿದು ಮಕ್ಕಳೊಂದಿಗೆ ಮನೆಮುಂದಿನ ಕಾಂಕ್ರೀಟಿಗೆ ಇಳಿಯಿರಿ. ಮೊದಲು ನೀವು ಬರೆಯಿರಿ. ಅವರ ಕಾಗುಣಿತ ತಪ್ಪಿದರೆ ತಿದ್ದಲು ಆತುರಪಡಬೇಡಿ. ಬಿಸಿಲು ಆ ಕೆಲಸ ಮಾಡುತ್ತದೆ.