ಸಂಚಿಯೊಳಗಿನ ಚಾಕು

ಚಾಕು ಬೇಕೆಂದು ಅಂಗಡಿಗೆ ಹೋದ ಹೆಂಗಸಿಗೆ ಅಂಗಡಿಯವರು ಮೊದಲು ತೋರಿಸುವುದು ತರಕಾರಿ ಹೆಚ್ಚುವ ಚಾಕು. ಅದಲ್ಲ, ಮಡಚುವಂಥದ್ದು, ದಿನಾ ಕೈಚೀಲದಲ್ಲಿ ಇಟ್ಟುಕೊಳ್ಳುವಂಥದ್ದು ಎಂದರೆ ಅವರ ಮುಖ ಒಂದು ಗಳಿಗೆ ಗಂಭೀರವಾಗುತ್ತದೆ. ಆಮೇಲೆ, "ಯಜಮಾನರಿಗಾ ಮೇಡಂ?" ಎನ್ನುತ್ತಾರೆ. ಅಲ್ಲಪ್ಪ, ನನಗೇ ಎಂದರೆ ಇನ್ನೊಂದು ಪ್ರಶ್ನೆ ಅವರ ಕಣ್ಣಲ್ಲಿ ಮೂಡಿ, ನಾಲಗೆಗೆ ಬಾರದೆ ಅಲ್ಲೇ ನಿಂತುಬಿಡುತ್ತದೆ. ಹೊಸಕೋಟೆ ಪೇಟೆಯಲ್ಲಿ ಎರಡು, ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಆಸುಪಾಸಿನಲ್ಲಿ ಮೂರು ಅಂಗಡಿ ಸುತ್ತುವಷ್ಟರಲ್ಲಿ ನನಗೆ ಆ ನೋಟ ಬಾಯಿಪಾಠವಾಗಿಬಿಟ್ಟಿತ್ತು.

ಈ ಅನುಮಾನ ತೀರಾ ಈಚಿನದು ಎಂದು ನನ್ನ ಲೆಕ್ಕ. ನಮ್ಮಜ್ಜಿಯ ಸೊಂಟದಲ್ಲಿ ಸದಾ ಒಂದು ಎಲೆಯಡಿಕೆ ಸಂಚಿ ಇರುತ್ತಿತ್ತು. ಅದರ ಒಂದು ಅರೆಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ತುಂಡು, ಅಡಕತ್ತರಿ, ಜೊತೆಗೆ ಹಿಡಿ ಸವೆದುಹೋದ ಬೆರಳುದ್ದದ ಚೂರಿ. ಹೂವಿನ ದಾರದಿಂದ ಹಿಡಿದು ಮಕ್ಕಳ ಕಾಲಿನ ಮುಳ್ಳಿನವರೆಗೆ ಎಲ್ಲಕ್ಕೂ ಅದೇ. ಅವರನ್ನು ಯಾರೂ ಏಕೆ, ಎತ್ತ ಎಂದು ಕೇಳಿದವರಲ್ಲ. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದು ಸಂಚಿ ಹೊನ್ನಮ್ಮ ಎಂದೇ ಹೆಸರಾದಳಲ್ಲ, ಅವಳ ಕಾವ್ಯದ ಬಗ್ಗೆ ಪಾಠ ಕೇಳುವಾಗಲೂ ನನಗೆ ಆ ಸಂಚಿಯೊಳಗೆ ಇಣುಕುವ ಆಸೆ. ಅಡಕತ್ತರಿಯಾದರೂ ಇಲ್ಲದೆ ಇದ್ದೀತೇ?

ಕಬ್ಬಿಣ ನಮಗೆ ಹೊರಗಿನದಲ್ಲ. ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣದ ಚೂರು ಇಡುತ್ತಿದ್ದರು. ಆಯುಧಪೂಜೆಯ ದಿನ ಹೊಲಿಗೆ ಯಂತ್ರದ ಪಕ್ಕದಲ್ಲೇ ಈಳಿಗೆಮಣೆ, ಕುಡುಗೋಲು, ಮಚ್ಚು ಎಲ್ಲ ಅರಿಶಿನ ಕುಂಕುಮ ಹಚ್ಚಿಕೊಂಡು ಕೂರುತ್ತವೆ. ಇನ್ನು ಕರಗ. ಬೆಂಗಳೂರಿನ ತಿಗಳರಪೇಟೆಯದು ಜಗತ್ಪ್ರಸಿದ್ಧ. ನಮ್ಮ ಸುತ್ತಿನ ಊರುಗಳಲ್ಲೂ ಕರಗ ನಡೆಯುತ್ತದೆ. ದ್ರೌಪದಿಯ ರೂಪದಲ್ಲಿ ಸೀರೆ ಬಳೆ ತೊಟ್ಟು ಹೂವಿನ ಕರಗ ಹೊತ್ತು ಬರುವವರ ಕೈಯಲ್ಲಿ ಒಂದು ಬಾಕು ಇರುತ್ತದೆ, ನೋಡಿದ್ದೀರಿ. ಆ ದ್ರೌಪದಿಗೆ ರಸ್ತೆಯ ಎರಡೂ ಬದಿ ನಿಂತು ಕೈಮುಗಿಯುವ ನಾವು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಚೀಲದಿಂದ ಚಾಕು ತೆಗೆದರೆ ಸ್ವಲ್ಪ ಸರಿದು ಕೂರುತ್ತೇವೆ. ಅವಳು ತೆಗೆದದ್ದು ಸೀಬೆಹಣ್ಣು ಕುಯ್ಯುವುದಕ್ಕೆ!

ನಮ್ಮ ಮನೆಯಲ್ಲಿ ಚಾಕುವಿನ ಮಾತು ಹುಟ್ಟಿದ್ದು ಹಣ್ಣಿಗಾಗಿ ಅಲ್ಲ, ಭಯಕ್ಕಾಗಿ. ಅನುಗೊಂಡನಹಳ್ಳಿ ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ ಊರು. ರಾಗಿಯ ಹೊಲ, ನೀಲಗಿರಿ ತೋಪು, ಅಲ್ಲಲ್ಲಿ ಹಿಪ್ಪುನೇರಳೆ ಎಂದಿದ್ದ ಜಾಗಕ್ಕೆ ಈಗ ಲೇಔಟಿನ ಕಲ್ಲುಗಳು ಬಂದು ನಿಂತಿವೆ. 2023ರ ಮಾರ್ಚಿಯಲ್ಲಿ ವೈಟ್‌ಫೀಲ್ಡ್ ಕಾಡುಗೋಡಿವರೆಗೆ ಮೆಟ್ರೊ ಬಂದ ಮೇಲಂತೂ ನಮ್ಮ ಊರಿನ ಹುಡುಗಿಯರು ಬೆಂಗಳೂರಿನ ಆ ಕೊನೆಯವರೆಗೂ ಕೆಲಸಕ್ಕೆ ಹೋಗಿ ಬರುತ್ತಾರೆ. ನನ್ನ ಮಗಳಿಗೂ ವೈಟ್‌ಫೀಲ್ಡಿನ ಕಡೆ ಕೆಲಸ ಸಿಕ್ಕಿತು, ಎರಡನೇ ಪಾಳಿ. ಮನೆಗೆ ಬರುವಾಗ ರಾತ್ರಿ ಹತ್ತೂವರೆ. ಮೊದಲ ವಾರವೇ ನಮ್ಮತ್ತೆ ಅಡುಗೆಮನೆಗೆ ಬಂದು ಪಿಸುದನಿಯಲ್ಲಿ, "ಮಗೀನ ಬ್ಯಾಗ್‌ನಾಗೆ ಒಂದು ಚಾಕು ಮಡಗು ಕಣಮ್ಮ, ಕತ್ತಲಾಗೆ ಒಬ್ಳೇ ಬತ್ತಾಳೆ" ಎಂದರು. ಅವರು ಹೇಳಿದ ರೀತಿಗೆ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಾನು ಎರಡು ದಿನದಿಂದ ಯೋಚಿಸುತ್ತಿದ್ದದ್ದೂ ಅದನ್ನೇ.

ಮಗಳು ಕೇಳಿ ನಕ್ಕಳು. "ಅಜ್ಜಿ, ನಾನು ಚೀಲಕ್ಕೆ ಕೈಹಾಕಿ, ಹುಡುಕಿ, ತೆಗೆದು, ಮಡಚಿದ್ದನ್ನ ಬಿಡಿಸೋ ಹೊತ್ತಿಗೆ ಅವನೇ ಕಿತ್ಕೊಂಡಿರ್ತಾನೆ. ಆಮೇಲೆ ನಾನೇ ಅವನಿಗೆ ಚಾಕು ತಂದುಕೊಟ್ಟ ಹಾಗಾಗಲ್ವಾ?" ಆಫೀಸಿನ ಬಾಗಿಲಲ್ಲಿ ಚೀಲ ತಪಾಸಣೆ ಬೇರೆ ಇದೆ ಎಂದಳು. ಅತ್ತೆಗೆ ಸಮಾಧಾನವಾಗಲಿಲ್ಲ. ನನಗೆ ಮಾತ್ರ ಅವಳ ಮಾತು ಮನಸ್ಸಿಗೆ ಹೊಕ್ಕಿತು. ಅವಳಿಗೆ ಬೇಕಾಗಿದ್ದುದು ಬಸ್ ಇಳಿಯುವ ಕಡೆ ಬೆಳಕು, ಜೊತೆಗೆ ನಡೆಯಲು ಒಬ್ಬರು, ಫೋನಿನಲ್ಲಿ 112. ನಾವು ಬೀದಿಯ ಹೆಂಗಸರು ಸೇರಿ ದೀಪಕ್ಕೆ ಅರ್ಜಿ ಕೊಟ್ಟೆವು, ದೀಪ ಬಂತು. ಅದು ಬರುವವರೆಗೆ ಟಾರ್ಚು ಹಿಡಿದು ನಾನೋ ನಮ್ಮೆಜಮಾನರೋ ಹೋಗಿ ನಿಲ್ಲುತ್ತಿದ್ದೆವು. ಚಾಕುವಿನ ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಷ್ಟರಲ್ಲಿ ನನಗೇ ಅದರ ಹುಚ್ಚು ಹಿಡಿದಿತ್ತು. ನಮ್ಮಜ್ಜಿಗೆ ಇದ್ದದ್ದು ನನಗೇಕೆ ಇಲ್ಲ?

ಅಂಗಡಿಗಳಲ್ಲಿ ನೋಡಿದ್ದನ್ನೆಲ್ಲ ಬರೆಯಹೊರಟರೆ ಪುಟ ಸಾಲದು. ಒಂದು ಜಾತಿ, ಗುಂಡಿ ಒತ್ತಿದರೆ ಟಕ್ಕೆಂದು ಚಿಮ್ಮುವಂಥದ್ದು. ಹಳೆಯ ಹಿಂದಿ ಸಿನಿಮಾಗಳ ಖಳರು ಹಿಡಿಯುತ್ತಿದ್ದ ರಾಂಪುರಿಯ ಮೊಮ್ಮಕ್ಕಳು ಇವು. ಉತ್ತರಪ್ರದೇಶದ ರಾಂಪುರದಲ್ಲಿ ಆ ಚಾಕುವಿನ ನೆನಪಿಗೆ 2023ರಲ್ಲಿ ವೃತ್ತವೊಂದರಲ್ಲಿ ಇಪ್ಪತ್ತು ಅಡಿಯ ಚಾಕುವನ್ನೇ ನಿಲ್ಲಿಸಿದ್ದಾರೆ. ನನಗೆ ಇಂಥದ್ದು ಬೇಡವೇ ಬೇಡ. ಚೀಲದೊಳಗೆ ಬಾಚಣಿಗೆ ತಾಗಿ ಗುಂಡಿ ಒತ್ತಿಕೊಂಡರೆ ಗತಿಯೇನು? ಕಾನೂನಿನ ಮಾತೂ ಇದೆ. 1959ರ ಶಸ್ತ್ರ ಕಾಯಿದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುತ್ತವೆ. ಮನೆಗೆಲಸ, ಬೇಸಾಯಗಳಿಗೆಂದೇ ಮಾಡಿದವನ್ನು ಬಿಟ್ಟು. ಹಣ್ಣು ಕುಯ್ಯುವವಳಿಗೆ ಮೂರು ಅಂಗುಲವೇ ಹೆಚ್ಚು. ಅಲಗು ನನ್ನ ಅಂಗೈಯ ಅಗಲಕ್ಕಿಂತ ಉದ್ದವಿರಬಾರದು ಎಂದು ನಾನು ನಿಶ್ಚಯಿಸಿಕೊಂಡೆ.

ಇನ್ನೊಂದು ಜಾತಿ, ಕೆಂಪು ಹಿಡಿಯ ಸ್ವಿಸ್ ಚಾಕು. ಪರದೇಶಕ್ಕೆ ಹೋಗಿಬಂದ ಯಾರಾದರೂ ಒಬ್ಬರು ಪ್ರತಿ ಬಳಗದಲ್ಲೂ ಇದನ್ನು ತಂದಿರುತ್ತಾರೆ. ಕಾರ್ಲ್ ಎಲ್ಸನರ್ ಎಂಬಾತ 1884ರಲ್ಲಿ ತನ್ನ ಕಾರ್ಖಾನೆ ತೆರೆದು, 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಒದಗಿಸತೊಡಗಿದ. ಕತ್ತರಿ ಕೂಡಿಸುವ ವಿದ್ಯೆ ಆಮೇಲಿನದು. ಅದರ ಹೆಸರು ನನಗೆ ಇಷ್ಟ. 1909ರಲ್ಲಿ ತೀರಿಕೊಂಡ ತಾಯಿಯ ನೆನಪಿಗೆ ಆತ ಸರಕಿಗೆ ವಿಕ್ಟೋರಿಯಾ ಎಂದು ಹೆಸರಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರು 'ಇನಾಕ್ಸ್' ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು. ಜಗತ್ತಿನ ಎಷ್ಟೋ ಗಂಡಸರು ಒಬ್ಬ ಅಮ್ಮನ ಹೆಸರನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ, ಅವರಿಗೆ ಗೊತ್ತಿಲ್ಲ ಅಷ್ಟೆ. ಫ್ರಾನ್ಸಿನ ಒಪಿನೆಲ್ ಇನ್ನೂ ಸರಳ. 1890ರಲ್ಲಿ ಹುಟ್ಟಿದ್ದು, ಒಂದು ಮರದ ಹಿಡಿ, ಒಂದು ಅಲಗು. 1955ರಿಂದ ಕುತ್ತಿಗೆಗೊಂದು ಲೋಹದ ಉಂಗುರ. ಉಂಗುರ ತಿರುಗಿಸಿದರೆ ಅಲಗು ತೆರೆದಲ್ಲೇ ಬಿಗಿಯಾಗುತ್ತದೆ. ಮರ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಅದು ಮರದ ಗುಣ.

ಆ ಉಂಗುರದ ಮಾತು ಮುಖ್ಯ. ಮಡಚುವ ಚಾಕುವಿನ ಅಪಾಯವೆಲ್ಲ ಅದರ ಮಡಿಕೆಯಲ್ಲಿದೆ. ಅಗ್ಗದ ಚಾಕುಗಳಲ್ಲಿ ಅಲಗನ್ನು ತಡೆಯುವುದು ಬೆನ್ನಿನೊಳಗಿನ ಸ್ಪ್ರಿಂಗು ಪಟ್ಟಿ ಮಾತ್ರ. ಕುಯ್ಯುವಾಗ ತೊಂದರೆಯಿಲ್ಲ, ಗಟ್ಟಿಯಾದದ್ದಕ್ಕೆ ತುದಿಯಿಂದ ಚುಚ್ಚಿದಿರೋ, ಅದು ನಿಮ್ಮ ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ಹೆದರಿದವಳು ಮಾಡುವುದು ಚುಚ್ಚುವ ಕೆಲಸವನ್ನೇ. ಅತ್ತೆ ಹೇಳಿದಂತೆ ಮಗಳ ಚೀಲದಲ್ಲಿ ಅಂಥದ್ದೊಂದನ್ನು ಮಡಗಿದ್ದರೆ ಮೊದಲು ಹೋಗುತ್ತಿದ್ದದ್ದು ಅವಳ ಬೆರಳೇ. ಭಯಕ್ಕೆಂದು ಕೊಂಡ ಚಾಕುವಿನಲ್ಲಿ ಇನ್ನೂ ಒಂದು ಕೊರತೆ: ಅದನ್ನು ಯಾರೂ ತೆಗೆದು ಬಳಸುವುದಿಲ್ಲ, ಸಾಣೆ ಹಿಡಿಸುವುದಿಲ್ಲ. ಚೀಲದ ತಳದಲ್ಲಿ ಹಳೇ ಟಿಕೇಟಿನ ಜೊತೆ ಮೊಂಡಾಗುತ್ತ ಬಿದ್ದಿರುತ್ತದೆ. ದಿನಕ್ಕೆ ನಾಲ್ಕು ಸಲ ಹೊರಬರುವ ಚಾಕು ಎಲ್ಲಿದೆ ಎಂಬುದು ಕೈಗೇ ಗೊತ್ತಿರುತ್ತದೆ.

ಆದ್ದರಿಂದ ನಾನು ಕೆಲಸಕ್ಕೆಂದೇ ಆರಿಸಿದೆ. ಅಂಗಡಿಯವರ ಮುಂದೆ ನನ್ನ ಪರೀಕ್ಷೆಗಳು ವಿಚಿತ್ರವಾಗಿದ್ದವು ಎನ್ನಿ. ಕುಡಿಯಲು ಕೊಟ್ಟ ನೀರಿನಲ್ಲಿ ಬೆರಳು ಅದ್ದಿ, ಒದ್ದೆ ಕೈಯಲ್ಲಿ ಅದು ಬಿಚ್ಚುತ್ತದೆಯೇ ಎಂದು ನೋಡಿದೆ. ಉಗುರು ಹಾಕಿ ಎಳೆಯುವ ಗೀರು ಇರುವಂಥವು ಬೇಡ ಎನಿಸಿತು; ಪಾತ್ರೆ ತಿಕ್ಕುವ ಕೈಯಲ್ಲಿ ಅಷ್ಟು ಉಗುರು ಉಳಿಯುವುದೆಲ್ಲಿ? ಅಲಗಿನ ಪಕ್ಕ ಒಂದು ಮೊಳಕೆ ಇರುತ್ತದೆ, ಹೆಬ್ಬೆರಳಿನಿಂದ ತಳ್ಳಿದರೆ ಸಾಕು, ಒಂದೇ ಕೈಯಲ್ಲಿ ತೆರೆದುಕೊಳ್ಳುತ್ತದೆ. ಒಳಗಿನ ಪಟ್ಟಿ ಪಕ್ಕಕ್ಕೆ ಸರಿದು ಅದನ್ನು ಬಿಗಿ ಹಿಡಿಯುತ್ತದೆ. ಉಕ್ಕಿನಲ್ಲಿ ಎರಡು ಬಗೆ. ಊರಿನ ಕುಲುಮೆಯಲ್ಲಿ ಲಾರಿಯ ಹಳೇ ಪಟ್ಟಾ ಕಾಯಿಸಿ ಬಡಿದು ಮಾಡುತ್ತಾರಲ್ಲ, ಅಂಥ ಉಕ್ಕು ಹರಿತ ಬೇಗ ಹಿಡಿಯುತ್ತದೆ, ನಿಂಬೆ ಹುಣಿಸೆ ತಾಗಿದರೆ ಕಪ್ಪಾಗುತ್ತದೆ, ಒರೆಸದಿದ್ದರೆ ತುಕ್ಕು. ಕ್ರೋಮಿಯಂ ಬೆರೆತ ಸ್ಟೀಲಿಗೆ ಆ ಕಷ್ಟವಿಲ್ಲ, ಸಾಣೆಗೆ ಮಾತ್ರ ಸ್ವಲ್ಪ ಹಟ ಮಾಡುತ್ತದೆ. ಊಟದ ಡಬ್ಬಿಯ ಜೊತೆ ಇರಬೇಕಾದದ್ದೆಂದು ನಾನು ಸ್ಟೀಲನ್ನೇ ಹಿಡಿದೆ. ಹಿಡಿ ಕೆಂಪು. ಅಂಗಡಿಯವರು ಕಪ್ಪನ್ನು ಹೊಗಳಿದರು. ಕಪ್ಪು ಚೀಲದಲ್ಲಿ ಕಪ್ಪು ಚಾಕು ಹುಡುಕುವ ಕಷ್ಟ ಅವರಿಗೇನು ಗೊತ್ತು! ಸಾಣೆಗೆ ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚು ಸಾಕು. ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು.

ಬೆಲೆ ಒಂದು ಸಾಧಾರಣ ವಾಯಿಲ್ ಸೀರೆಯಷ್ಟು. ಆಮೇಲೆ ಅದು ಮಾಡಿದ ಕೆಲಸ ನೋಡಿ: ಗೊಬ್ಬರದ ಚೀಲದ ಹೊಲಿಗೆ, ಕೊರಿಯರ್ ಪೊಟ್ಟಣದ ಟೇಪು, ದೇವರ ಹೂವಿನ ದಾರ, ಬಾಳೆ ಎಲೆ, ಬಸ್ಸಿನಲ್ಲಿ ವಾಂತಿ ಮಾಡುತ್ತಿದ್ದ ಮಗುವಿನ ಮೂಗಿಗೆ ಹಿಡಿಯಲು ಅರ್ಧ ನಿಂಬೆಹಣ್ಣು.

ಒಂದು ಸಂಜೆ ಹೊಸಕೋಟೆ ಕಡೆಯ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮುಂದೆ ಹೋದ ಬೈಕೊಂದು ಜೋಲಿ ಹೊಡೆದು ನಿಂತಿತು. ಹಿಂದೆ ಕೂತಿದ್ದ ಹೆಂಗಸು ಒಂದು ಪಕ್ಕಕ್ಕೆ ಬಾಗಿದ್ದಳು, ಬಿದ್ದಿರಲಿಲ್ಲ. ಬೀಳಲು ಆಗುತ್ತಿರಲಿಲ್ಲ. ಚಳಿಗೆಂದು ಕತ್ತಿಗೆ ಸುತ್ತಿಕೊಂಡಿದ್ದ ಸೆರಗಿನ ತುದಿ ಚಕ್ರಕ್ಕೆ ಸಿಕ್ಕಿ, ಕಡ್ಡಿಗಳಿಗೆ ಸುತ್ತಿ, ಅವಳನ್ನು ಕೆಳಗೆ ಎಳೆದು ಹಿಡಿದಿತ್ತು. ಗಂಡ ಗಾಬರಿಯಲ್ಲಿ ಬೈಕನ್ನು ಮುಂದೆ ತಳ್ಳುತ್ತಿದ್ದ, ಅದು ಇನ್ನೂ ಬಿಗಿಯಾಗುತ್ತಿತ್ತು. ನಾನು "ತಳ್ಳಬೇಡಪ್ಪ" ಎಂದು ಕೂಗುತ್ತ ಓಡಿದೆ. ಎಡಗೈಯ ಎರಡು ಬೆರಳನ್ನು ಅವಳ ಕತ್ತಿಗೂ ಸೀರೆಗೂ ನಡುವೆ ತೂರಿಸಿ ಬಟ್ಟೆಯನ್ನು ಹೊರಗೆಳೆದು ಹಿಡಿದೆ. ಬಲಗೈ ಚೀಲದಲ್ಲಿತ್ತು. ಒಂದು ಕೈಯಲ್ಲೇ ತೆರೆದೆ. ಪಾಲಿಯೆಸ್ಟರ್ ಸೀರೆ, ಮಡಿಕೆ ಮಡಿಕೆಯಾಗಿ ಹಗ್ಗದಂತಾಗಿತ್ತು. ಅಲಗಿನ ಬೆನ್ನನ್ನು ಅವಳ ಕಡೆಗಿಟ್ಟು ಹೊರಮುಖವಾಗಿ ಕುಯ್ದೆ. ಮೊದಲ ಸಲಕ್ಕೆ ಜಾರಿತು. ಎರಡನೆಯದಕ್ಕೆ ಹಿಡಿಯಿತು, ಮೂರನೆಯದಕ್ಕೆ ಬಿಟ್ಟಿತು. ಅವಳು ನನ್ನ ಭುಜದ ಮೇಲೆ ಕುಸಿದು ಕೆಮ್ಮಿದಳು. ಕತ್ತಿನ ಸುತ್ತ ಕೆಂಪಗೆ ಬರೆ ಎದ್ದಿತ್ತು. ನೀರು ಕುಡಿದು ಉಸಿರು ಬಂದ ಮೇಲೆ ಅವಳ ಮೊದಲ ಮಾತು, "ಹೊಸಾ ಸೀರೆ ಕಣಕ್ಕಾ". ಎರಡನೆಯದು, "ಆ ಚಾಕು ಎಲ್ಲಿ ತಗೊಂಡ್ರಿ?"

ಇಸಡೋರಾ ಡಂಕನ್ ಎಂಬ ಜಗತ್ಪ್ರಸಿದ್ಧ ನರ್ತಕಿ 1927ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಹೀಗೆಯೇ ಸತ್ತಳು. ಕಾರಿನ ಚಕ್ರಕ್ಕೆ ಅವಳ ಉದ್ದನೆಯ ಶಾಲು ಸಿಕ್ಕಿಕೊಂಡಿತ್ತು. ನಮ್ಮ ರಸ್ತೆಗಳಲ್ಲಿ ಸೆರಗು, ವೇಲು ಹಾರಿಸಿಕೊಂಡು ಒಂದು ಪಕ್ಕಕ್ಕೆ ಕಾಲು ಹಾಕಿ ಕೂತು ಹೋಗುವವರನ್ನು ಕಂಡಾಗಲೆಲ್ಲ ನಾನೀಗ ಕೂಗಿ ಹೇಳುತ್ತೇನೆ. ಕೆಲವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಕೆಲವರು ಯಾರೋ ಹುಚ್ಚಿ ಎಂದುಕೊಂಡು ಹೋಗುತ್ತಾರೆ.

ಎಲ್ಲ ಕಡೆಗೂ ಈ ಚಾಕು ಬರುವುದಿಲ್ಲ. ಮೆಟ್ರೊ ಹತ್ತುವ ದಿನ ಅದು ಮನೆಯಲ್ಲಿ ಬೀಗದಕೈಗಳ ಮೊಳೆಗೆ ನೇತಾಡುತ್ತದೆ. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯೊಳಗೆ ಹಾಕಿ ಕಳಿಸಬೇಕು. ಅದು ಇಲ್ಲದ ದಿನ ಬಲಗೈಗೆ ಏನೋ ಮರೆತಂತಿರುತ್ತದೆ.

ಈ ವರ್ಷ ಮಗಳಿಗೆ ಪುಣೆಗೆ ವರ್ಗವಾಯಿತು. ಸಾಮಾನು ಕಟ್ಟುವಾಗ, "ಅಮ್ಮಾ, ನಂಗೂ ಒಂದು ಅಂಥದ್ದೇ ಕೊಡಿಸು, ರೂಮಲ್ಲಿ ಹಣ್ಣು ಕುಯ್ಯೋಕೆ ಏನೂ ಇಲ್ಲ" ಎಂದಳು. ಅತ್ತೆ ಮೂಲೆಯಲ್ಲಿ ಕೂತೇ ಕಿವಿಗೊಟ್ಟಿದ್ದವರು ತಟ್ಟನೆ, ಹರಿತದ್ದನ್ನು ಹೆತ್ತವರು ಬಿಟ್ಟಿ ಕೊಟ್ಟರೆ ನಂಟು ಕಡಿದುಹೋಗುತ್ತದೆ, ಒಂದು ರೂಪಾಯಿಯಾದರೂ ಈಸಿಕೋ ಎಂದರು. ಹುಡುಕಿದರೆ ಮಗಳ ಪರ್ಸಿನಲ್ಲಿ ಚಿಲ್ಲರೆಯೇ ಇಲ್ಲ. ಎದುರಿಗೇ ನಿಂತು ಫೋನಿನಲ್ಲಿ ಕಳಿಸಿದಳು. ಒಂದು ರೂಪಾಯಿ ಬಂದಿದೆ ಎಂದು ನನ್ನ ಫೋನು ಕುಟುಕಿತು, ಅತ್ತೆ ಅದನ್ನು ಇಸಿದುಕೊಂಡು ಎರಡು ಸಲ ನೋಡಿ, "ಬಂತಾ? ಸರಿ, ಈಗ ಕೊಡು" ಎಂದರು.