ಧರ್ಮದ ಸಾಲಿದ್ದ ಪಟ್ಟಿ

ಹಳೆಯ ಮಂಡಿ ಪಟ್ಟಿಗಳಲ್ಲಿ ದಲಾಲಿ, ಹಮಾಲಿ, ತೂಕ ಎಂದು ಕಡಿತಗಳನ್ನು ಬರೆದ ಮೇಲೆ ‘ಧರ್ಮ’ ಎಂಬ ಇನ್ನೊಂದು ಸಾಲು ಇರುತ್ತಿತ್ತು. ಚೀಲಕ್ಕಿಷ್ಟು ಕಾಸು. ಅದು ಸಾವ್ಕಾರರ ಸ್ವಂತಕ್ಕಲ್ಲ, ಧರ್ಮದ ಲೆಕ್ಕಕ್ಕೆ. ಬೇಸಿಗೆಯ ಅರವಟ್ಟಿಗೆ, ಜಾತ್ರೆಯ ದಾಸೋಹ, ಊರ ಛತ್ರ, ಬಡ ಹುಡುಗರ ಓದು, ಬರದ ವರ್ಷ ದನಗಳ ಮೇವು, ಎಲ್ಲದಕ್ಕೂ ಆ ಕಾಸೇ ಆಗಬೇಕಿತ್ತು. ಉತ್ತರದ ಮಂಡಿಗಳಲ್ಲಿ ಇದನ್ನು ಧರ್ಮಾದ ಎನ್ನುತ್ತಿದ್ದರು. ಹಾಥರಸ್‌ನ ಬಿಜ್ಲಿ ಕಾಟನ್ ಮಿಲ್ಸ್ ಮೊಕದ್ದಮೆಯಲ್ಲಿ ಈ ಹಣ ವ್ಯಾಪಾರಿಯ ಆದಾಯವಲ್ಲ, ಧರ್ಮಕ್ಕೆಂದು ಅವನ ಕೈಯಲ್ಲಿಟ್ಟದ್ದು ಎಂದು ಸುಪ್ರೀಂ ಕೋರ್ಟು 1979ರಲ್ಲಿ ತೀರ್ಪು ಕೊಟ್ಟಿತು.

ಅಷ್ಟರಲ್ಲಿ ನಮ್ಮ ಕಡೆ ಆ ಸಾಲಿಗೆ ಕಾನೂನಿನ ತಡೆ ಬಂದಿತ್ತು. ಮಂಡಿಗಳ ಇಂಥ ಕಡಿತಗಳ ಬಗ್ಗೆ ಬ್ರಿಟಿಷರ ಕಾಲದ ಕೃಷಿ ಆಯೋಗ 1928ರಲ್ಲೇ ಆಕ್ಷೇಪ ಎತ್ತಿತ್ತು. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ 1966ರಲ್ಲಿ ಬಂತು. ಆ ತಡೆ ನ್ಯಾಯವಾದದ್ದೇ. ದುಡ್ಡು ರೈತನದು, ಅವನನ್ನು ಕೇಳದೆ ಹಿಡಿದುಕೊಂಡದ್ದು. ಪುಣ್ಯ ಮಾತ್ರ ಮಂಡಿಯ ಬೋರ್ಡಿನ ಮೇಲೆ ಇನ್ನೊಬ್ಬರ ಹೆಸರಿಗೆ ಹೋಗುತ್ತಿತ್ತು. ನಾನು ಮರುಗುವುದು ಆ ಕಾಸಿಗಲ್ಲ. ಆ ಕಾಸಿನ ನೆಪದಲ್ಲಿ ಊರಿನ ವರ್ತಕರೆಲ್ಲ ಒಂದು ಕಡೆ ಕೂರುತ್ತಿದ್ದರಲ್ಲ, ಅದಕ್ಕೆ.

ಅಪ್ಪನ ಜೊತೆ ನಾನು ಶೇಂಗಾ ಹೇರಿಕೊಂಡು ಚಳ್ಳಕೆರೆಗೆ ಹೋಗುವ ಕಾಲಕ್ಕೆ ಧರ್ಮದ ಸಾಲು ಪಟ್ಟಿಯಲ್ಲಿರಲಿಲ್ಲ. ವರ್ತಕರು ಕೂಡಿ ಕೂರುವ ರೂಢಿ ಮಾತ್ರ ಉಳಿದಿತ್ತು. ಚೀಲ ಇಳಿಸುವ ಮುಂಚೆಯೇ ಸಾವ್ಕಾರರು, “ಯಾಕಣ್ಣ, ಈ ಸಾರಿ ಚೀಲ ಕಮ್ಮಿ ಅದಾವಲ್ಲ?” ಅನ್ನೋರು. “ಮಳೆ ಎಲ್ಲೈತೆ ಸಾವ್ಕಾರ್ರೆ, ಊಡು ಇಳಿಯೋ ಹೊತ್ನಾಗೆ ಕೈ ಕೊಡ್ತು” ಅನ್ನೋನು ಅಪ್ಪ. ಯಾವ ಹೋಬಳಿಯಲ್ಲಿ ಮಳೆ ತಪ್ಪಿದೆ ಎಂಬುದು ಕಂದಾಯದವರಿಗಿಂತ ಮೊದಲು ಮಂಡಿಗೆ ಗೊತ್ತಾಗುತ್ತಿತ್ತು. ಪರಶುರಾಂಪುರದ ಕಡೆಯಿಂದ ಇಷ್ಟು ಗಾಡಿ ಬರಬೇಕಿತ್ತು, ಬಂದದ್ದು ಇಷ್ಟೇ; ತಳುಕಿನ ಕಡೆಯಿಂದ ಬಂದ ಕಾಯಿ ಬರೀ ಜೊಳ್ಳು. ಸಂಜೆ ವಹಿವಾಟು ಮುಗಿದ ಮೇಲೆ ವರ್ತಕರು ಗಾದಿಯ ಮೇಲೆ ಕೂತು, ಮಳೆ ತಪ್ಪಿದ ಹಳ್ಳಿಗಳ ದನಗಳಿಗೆ ಹಿಂಡಿ ಕಳಿಸುವ ಲೆಕ್ಕ ಹಾಕೋರು: ಯಾವ ಮಿಲ್ಲಿನಿಂದ ಎಷ್ಟು ಹಿಂಡಿ, ಯಾರ ಲಾರಿ, ಯಾವ ಹಳ್ಳಿಗೆ ಮೊದಲು.

ಅವರೆಲ್ಲ ದೇವರಂಥವರು ಎಂದು ನಾನು ಹೇಳುವುದಿಲ್ಲ. ತೂಕದಲ್ಲಿ ಹೊಡೆದವರೂ ಬಡ್ಡಿಯಲ್ಲಿ ಹಿಂಡಿದವರೂ ಅದೇ ಗಾದಿಯ ಮೇಲೆ ಕೂತಿದ್ದರು. ಆದರೆ ನಾಲ್ಕು ಜನರ ಎದುರು ಪಕ್ಕದ ಅಂಗಡಿಯವನು ಹತ್ತು ಚೀಲ ಹಿಂಡಿ ಬರೆಸಿದಾಗ ತಾನು ಎರಡು ಎನ್ನಲು ನಾಲಿಗೆ ಬರುತ್ತಿರಲಿಲ್ಲ. ವರ್ತಕರ ಸಂಘದ ಬಲ ಇದ್ದದ್ದು ಆ ಮರ್ಯಾದೆಯಲ್ಲಿ.

ಆಗ ಚಳ್ಳಕೆರೆಯನ್ನು ಎಣ್ಣೆಯ ಎರಡನೇ ಮುಂಬಯಿ ಎನ್ನುತ್ತಿದ್ದರು. ಊರು ಹತ್ತಿರವಾಗುತ್ತಿದ್ದ ಹಾಗೆ ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಎಕ್ಸ್‌ಪೆಲ್ಲರಿನ ಬಾಯಿಂದ ಹಿಂಡಿ ಚಕ್ಕೆ ಚಕ್ಕೆಯಾಗಿ ಬೀಳೋದು, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಹಮಾಲಿಯೊಬ್ಬ ಒಂದು ಚೂರು ಮುರಿದು ಬೆಲ್ಲದ ಜೊತೆ ನನ್ನ ಕೈಗಿಟ್ಟಿದ್ದ; ಅಂಗೈ ತುಂಬ ಎಣ್ಣೆಯ ಜಿಡ್ಡು. ಮನುಷ್ಯರಿಗೆ ಎಣ್ಣೆ, ದನಕ್ಕೆ ಹಿಂಡಿ, ಒಲೆಗೆ ಸಿಪ್ಪೆ. ನಮ್ಮ ಕೆಂಪು ಮಸಾರಿ ನೆಲಕ್ಕೆ ಮಳೆ ಬಂದರೆ ಮಿಲ್ಲು ತಿರುಗಬೇಕು, ಬರದಿದ್ದರೆ ನಿಲ್ಲಬೇಕು. ರೈತನ ಮಳೆಯೇ ಮಿಲ್ಲಿನವರ ಮಳೆಯೂ ಆಗಿತ್ತು.

1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದಾಗ ಈ ನಂಟಿಗೆ ಏಟು ಬಿತ್ತು. ಮಲೇಷ್ಯಾ, ಇಂಡೋನೇಷ್ಯಾದ ಎಣ್ಣೆ ಬಂದರಿಗೆ ಬಂದು, ಟ್ಯಾಂಕರಿನಲ್ಲಿ ಊರೂರಿಗೆ ಹರಿಯಿತು. ಅದರ ದರಕ್ಕೆ ಶೇಂಗಾ ಎಣ್ಣೆ ನಿಲ್ಲಲಿಲ್ಲ. ಮೇಲೆ ಬರ, ರೋಗ, ಕೊರೆದಷ್ಟೂ ಆಳಕ್ಕಿಳಿದ ಬೋರುಗಳು. ಒಂದೊಂದಾಗಿ ಮಿಲ್ಲುಗಳು ಬಾಗಿಲು ಹಾಕಿದವು. ಪ್ಯಾಕೆಟ್ ಎಣ್ಣೆ ಮಾರುವವನಿಗೆ ತಳುಕಿನ ಮಳೆ ತಿಳಿಯಬೇಕಾದ ಅಗತ್ಯ ಏನಿದೆ? ಅವನು ಕೆಟ್ಟವನಲ್ಲ. ಅವನ ಲಾಭನಷ್ಟದ ಪುಸ್ತಕದಲ್ಲಿ ನಮ್ಮ ಹೊಲಕ್ಕೆ ಪುಟವಿಲ್ಲ.

ಪಕ್ಕದ ಮೊಳಕಾಲ್ಮೂರಿನಲ್ಲಿ ಎಣ್ಣೆಯ ಜಾಗದಲ್ಲಿ ರೇಷ್ಮೆ. ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ನೇಕಾರನಿಗೂ ನೂಲು ಕೊಡುವ ಅಂಗಡಿಯವನಿಗೂ ಇದ್ದದ್ದು ಇಂಥದೇ ಸಂಬಂಧ: ಅರ್ಧ ಸಾಲ, ಅರ್ಧ ಆಸರೆ. ಮನೆಯಲ್ಲಿ ಮದುವೆಯಾದರೂ ಸಾವಾದರೂ ನೂಲಿನ ಅಂಗಡಿಯವರೂ ನೇಕಾರರ ಸಂಘದವರೂ ಮೊದಲು ಬರೋರು. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂತು, ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು. ಅಷ್ಟಾದರೂ ಪವರ್‌ಲೂಮಿನ ನಕಲು ಸೀರೆ ಪೇಟೆಯಲ್ಲಿ ಮೆರೆಯುತ್ತಿದೆ, ನೇಕಾರನ ಮಗ ಬೆಂಗಳೂರಿನ ಬಸ್ಸು ಹತ್ತಿದ್ದಾನೆ.

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಸಾಲಿನಲ್ಲಿವೆ. ಬಾವಿಯ ನೀರಿನಲ್ಲಿ ಫ್ಲೋರೈಡು. ದನ ಸಾಕುವ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವನ್ನು ಮಾರುವಂತಿಲ್ಲ, ಗೇಯಿಸುವಂತಿಲ್ಲ, ಸಾಕಲೇಬೇಕು. ಅವು ಮೇಯುತ್ತಿದ್ದ ಕುದಾಪುರ, ಉಳ್ಳಾರ್ತಿ, ವರವು ಭಾಗದ ಅಮೃತಮಹಲ್ ಕಾವಲುಗಳಲ್ಲಿ 8,000 ಎಕರೆಗೂ ಹೆಚ್ಚು ನೆಲ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಸುತ್ತ ಗೋಡೆ ಎದ್ದಿತು. ದೇಶಕ್ಕೆ ವಿಜ್ಞಾನ ಬೇಕು, ನಾನು ಅದನ್ನು ಒಲ್ಲೆ ಎನ್ನುವುದಿಲ್ಲ. ಆದರೆ ಆ ಹೊತ್ತಿಗೆ ಕುರಿಗಾಹಿಗಳೂ ಹಟ್ಟಿಯವರೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಹಿಂದಿನ ಮಂಡಿಯಾಗಿದ್ದರೆ ಹಿಂಡಿಗೆ, ಚರ್ಮಕ್ಕೆ, ಉಣ್ಣೆಗೆ ಆ ದನಕುರಿಗಳನ್ನೇ ನಂಬಿದ ಸಾವ್ಕಾರರು ಅವರ ಬೆನ್ನಿಗೆ ನಿಲ್ಲದೆ ಇರುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಚಳ್ಳಕೆರೆಯ ಕಂಬಳಿ ಹೆಸರು ಮಾಡಿದ್ದು ಆ ಕಾವಲಿನಲ್ಲಿ ಮೇದ ಕುರಿಯ ಉಣ್ಣೆಯಿಂದಲ್ಲವೇ.

2023ರಲ್ಲಿ ಮತ್ತೆ ಬರ ಘೋಷಣೆಯಾಯಿತು. ಮೇವಿಗೆ ಎಲ್ಲರೂ ತಹಶೀಲ್ದಾರರ ಕಚೇರಿಯ ಕಡೆ ಮುಖ ಮಾಡಿದರು. ಸರ್ಕಾರ ಮಾಡಬೇಕಾದದ್ದೇ, ಮಾಡಲಿ. ಆದರೆ ಅರ್ಜಿಗೆ ಆದೇಶ, ಆದೇಶಕ್ಕೆ ಟೆಂಡರು ಎನ್ನುವಷ್ಟರಲ್ಲಿ ಹಸು ಅರ್ಧ ದರಕ್ಕೆ ಸಂತೆಗೆ ಹೋಗಿರುತ್ತದೆ. ಮಂಡಿಯ ಲಾರಿ ಆ ಸಂಜೆಯೇ ಹೊರಡುತ್ತಿತ್ತು.

ಶೇಂಗಾ ಈಗಲೂ ಚಳ್ಳಕೆರೆಯ ಯಾರ್ಡಿಗೆ ಬರುತ್ತಿದೆ, ವರ್ತಕರು ಈಗಲೂ ಸಭೆ ಸೇರುತ್ತಾರೆ. ಸೆಸ್ಸು, ಜಿಎಸ್‌ಟಿ, ಲೈಸೆನ್ಸಿನ ನವೀಕರಣ. ಅವರವರ ಕಷ್ಟ ಅವರಿಗೆ. ಆ ಸಭೆಯಲ್ಲಿ ಇನ್ನೊಂದು ವಿಷಯ ಬರಬೇಕು ಎನ್ನುವುದು ನನ್ನಾಸೆ. ಈ ಸಾರಿ ಯಾವ ಊರಿಂದ ಚೀಲ ಕಮ್ಮಿ ಬಂದವು, ಯಾಕೆ ಎಂದು ಯಾರಾದರೂ ಒಬ್ಬರು ಕೇಳಬೇಕು.