ಗಾಲಿಯ ಮನೆ, ಬಾಡಿಗೆಯ ನೆಲ

ನಮ್ಮ ಮಗಳು, ಅಳಿಯಂದಿರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿ ಹನ್ನೆರಡು ವರ್ಷಗಳಾದವು. ಕಳೆದ ಬೇಸಿಗೆಯಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋಗಿದ್ದಾಗ ಅಳಿಯಂದಿರು, "ಮಾವನವರೇ, ಸಮುದ್ರದ ದಂಡೆಯಲ್ಲಿ ಒಂದು ಮನೆ ಕೊಳ್ಳಬೇಕೆಂದಿದ್ದೇವೆ. ತಾವೂ ಬಂದು ನೋಡಬೇಕು" ಎಂದರು. ಅಂತೆಯೇ ಅಲ್ಲಿ ಮೂರು ರಾತ್ರಿ ತಂಗುವುದೆಂದು ನಿಶ್ಚಯಿಸಿ ಸ್ಕೆಗ್ನೆಸ್ಸಿಗೆ ಹೊರಟೆವು.

ಸ್ಕೆಗ್ನೆಸ್ ಲಿಂಕನ್‌ಷೈರಿನ ಕಡಲತೀರದ ಊರು. 1873ರಲ್ಲಿ ರೈಲು ಬಂದ ಮೇಲೆ ಇದು ಸುತ್ತಲಿನ ಕೈಗಾರಿಕಾ ನಗರಗಳ ದುಡಿಯುವ ಜನರ ವಿಹಾರಸ್ಥಾನವಾಯಿತು. 1936ರಲ್ಲಿ ಬಿಲ್ಲಿ ಬಟ್ಲಿನ್ ಎಂಬವರು ತಮ್ಮ ಮೊದಲ ರಜಾ ಶಿಬಿರವನ್ನು ತೆರೆದದ್ದು ಇದರ ಸಮೀಪದಲ್ಲಿಯೇ. ಈಗ ತೀರದುದ್ದಕ್ಕೂ ಸಾಲುಸಾಲಾಗಿ ನಿಂತಿರುವುವು ಕ್ಯಾರವಾನ್ ಎಂಬ ಗಾಲಿಯ ಮನೆಗಳು. ಉಕ್ಕಿನ ಚೌಕಟ್ಟಿನ ಕೆಳಗೆ ಗಾಲಿಗಳಿದ್ದರೂ ಒಮ್ಮೆ ನಿಲ್ಲಿಸಿದ ಮೇಲೆ ಇವು ಚಲಿಸುವುದು ಅಪರೂಪ. ಒಳಗೆ ಅಡುಗೆಮನೆ, ಸ್ನಾನಗೃಹ, ಎರಡು ಮಲಗುವ ಕೋಣೆಗಳು, ಯಾವುದಕ್ಕೂ ಕೊರತೆಯಿಲ್ಲ.

ಬೆಳಗಿನ ಜಾವ ಬಾಗಿಲು ತೆರೆದರೆ ಉತ್ತರ ಸಮುದ್ರದ ತಣ್ಣನೆಯ ಗಾಳಿ. ಇಳಿತದ ಹೊತ್ತಿನಲ್ಲಿ ನೀರು ಬಹುದೂರ ಹಿಂದೆ ಸರಿದು, ಕಣ್ಣು ಹಾಯುವಷ್ಟೂ ಮರಳು. ಮಗಳು ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟು ಮಾಡುವಷ್ಟರಲ್ಲಿ ಮೊಮ್ಮಗ ಆಗಲೇ ಮರಳಿನ ಕೋಟೆ ಕಟ್ಟಿ ಮುಗಿಸಿದ್ದನು. ನಗರದಲ್ಲಿ ಒಂದು ಗಳಿಗೆಯೂ ಬಿಡುವಿಲ್ಲದ ಅಳಿಯಂದಿರು ಮಗನ ಪಕ್ಕದಲ್ಲಿ ಕುಳಿತು ನೀರು ತುಂಬುತ್ತಿದ್ದರು. ಇವರು ಈ ಮನೆಯನ್ನು ಏಕೆ ಬಯಸಿದರೆಂಬುದು ನಮಗೆ ಆಗಲೇ ತಿಳಿಯಿತು.

ಸಂಜೆ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಕುಳಿತೆವು. ಮೂರು ವರ್ಷ ಹಳೆಯ ಕ್ಯಾರವಾನಿಗೆ 30,000 ಪೌಂಡು. ಆದರೆ ಮನೆ ಮಾತ್ರ ನಮ್ಮದು, ನೆಲ ಉದ್ಯಾನದವರದು! ಆ ನೆಲಕ್ಕೆ ವರ್ಷಕ್ಕೆ 5,500 ಪೌಂಡು ಬಾಡಿಗೆ. ವಿಮೆ, ಗ್ಯಾಸು, ವಿದ್ಯುತ್ತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕೊಳವೆ ಒಡೆಯದಂತೆ ನೀರು ಬಸಿಯುವ ಖರ್ಚು ಸೇರಿ ಇನ್ನೂ 1,000. ಪರವಾನಗಿ ಉಳಿದಿರುವುದು 12 ವರ್ಷ. ಕೊಂಡ ಬೆಲೆಯನ್ನು ಅಷ್ಟು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಒಟ್ಟು 9,000 ಪೌಂಡು. ಕಾಯಂ ವಾಸಕ್ಕೆ ಅನುಮತಿಯಿಲ್ಲ, ಚಳಿಗಾಲದಲ್ಲಿ ಕೆಲವು ವಾರ ಉದ್ಯಾನವೇ ಮುಚ್ಚಿರುತ್ತದೆ. ನೌಕರಿಯವರು ವರ್ಷಕ್ಕೆ 45 ದಿನ ಬಂದರೆ ಹೆಚ್ಚು. ಎಂದರೆ ದಿನವೊಂದಕ್ಕೆ 200 ಪೌಂಡು! ಒಂದು ಪೌಂಡು ನಮ್ಮ ನೂರು ರೂಪಾಯಿಗೂ ಮಿಗಿಲೆಂಬುದನ್ನು ಓದುಗರು ನೆನಪಿಡಬೇಕು.

ನೆರೆಯಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಪತ್ನಿಯೊಡನೆ ಇದ್ದರು. ಅವರ 15 ವರ್ಷಗಳ ಪರವಾನಗಿ ಅಕ್ಟೋಬರಿಗೆ ಮುಗಿಯುವುದಿತ್ತು. ಹೊಸದನ್ನು ಕೊಳ್ಳಬೇಕು, ಇಲ್ಲವೇ ಜಾಗ ತೆರವು ಮಾಡಬೇಕು. ಹಳೆಯದಕ್ಕೆ ಉದ್ಯಾನದವರು ಹೇಳಿದ ಬೆಲೆ, ಕೊಂಡ ಬೆಲೆಯ ಹತ್ತನೆಯ ಒಂದು ಪಾಲೂ ಅಲ್ಲ. "ನಷ್ಟವಾಯಿತೆಂದು ದುಃಖವಿದೆಯೇ?" ಎಂದು ಕೇಳಿದೆವು. "ಹಣದ ಲೆಕ್ಕದಲ್ಲಿ ಮೋಸಹೋದೆವು. ಆದರೆ ನಮ್ಮ ಇಬ್ಬರು ಮೊಮ್ಮಕ್ಕಳು ನಡೆಯಲು ಕಲಿತದ್ದು ಈ ಮೆಟ್ಟಿಲ ಮೇಲೆ" ಎಂದು ಆ ತಾಯಿ ಉತ್ತರಿಸಿದರು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಧಾರವಾಡದ ಬಳಿಯ ಹಳ್ಳಿಯಲ್ಲಿ ನಮ್ಮ ಹಿರಿಯರ ಮನೆಯಿದೆ. ನೆಲವೂ ನಮ್ಮದೇ, ಗೋಡೆಯೂ ನಮ್ಮದೇ; ಬಾಡಿಗೆಯಿಲ್ಲ, ಅವಧಿಯಿಲ್ಲ. ಆದರೂ ಆರು ವರ್ಷಗಳಿಂದ ಅದಕ್ಕೆ ಬೀಗ ಹಾಕಿದ್ದೇವೆ. ಅಂಗೈಯಗಲದ ನೆಲವೂ ತಮ್ಮದಲ್ಲದ ಈ ಜನ ಮಾತ್ರ ಪ್ರತಿ ಶುಕ್ರವಾರ ಸಂಜೆ ಬಂದು ದೀಪ ಹಚ್ಚುತ್ತಾರೆ!

ಮರುದಿನ ನಮ್ಮ ಅಭಿಪ್ರಾಯ ತಿಳಿಸಿದೆವು: "ಇದನ್ನು ಆಸ್ತಿಯೆಂದು ಕೊಳ್ಳಬೇಡಿರಿ, ಆಸ್ತಿ ಬೆಳೆಯುತ್ತದೆ, ಇದು ಕರಗುತ್ತದೆ. ದಿನಗಳನ್ನು ಕೊಳ್ಳುವುದಾದರೆ ಬಾಡಿಗೆಗೂ ಕೊಳ್ಳಬಹುದು." ಮಕ್ಕಳು ಒಪ್ಪಿ, ವರ್ಷಕ್ಕೆ ಎರಡು ವಾರ ಬಾಡಿಗೆಗೆ ಹಿಡಿಯಲು ನಿರ್ಧರಿಸಿದರು. ಆಗ ಮಗಳು ಮೆಲ್ಲಗೆ, "ಅಪ್ಪಾ, ಮುಂದಿನ ರಜೆಗೆ ಊರಮನೆಯ ಬೀಗ ತೆಗೆಯಿರಿ. ನಾವು ಅಲ್ಲಿಗೇ ಬರುತ್ತೇವೆ" ಎಂದಳು.

ಹಿಂದಿರುಗಿದ ವಾರವೇ ನಾವು ಹಳ್ಳಿಗೆ ಹೋಗಿ, ಸೋರುತ್ತಿದ್ದ ಮಾಳಿಗೆಯ ದುರಸ್ತಿಗೆ ಗೌಂಡಿಯನ್ನು ಗೊತ್ತುಮಾಡಿ ಬಂದೆವು.